ಸ್ಪ್ಯಾನರ್ ಹಿಡಿದ ಸಾಹುಕಾರರಿಗೊಂದು ಬಹಿರಂಗ ಪತ್ರ

ಮಾನ್ಯ ಸಾಹುಕಾರರೇ,

ಕಾಫಿಗೆ ರೇಟು ಬಂದ ವರ್ಷ ಹೊಸ ಕಾರು, ರೇಟು ಬಿದ್ದ ವರ್ಷ ಹೊಸ ಸ್ಪ್ಯಾನರ್ ಸೆಟ್ಟು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ವಾಹನ ಅರ್ಥಶಾಸ್ತ್ರ ಇಷ್ಟೇ ಎಂದರೆ ತಾವು ಮುನಿಸಿಕೊಳ್ಳಬಾರದು. ದುಡ್ಡು ಉಳಿಸುವುದು ಖಂಡಿತ ತಪ್ಪಲ್ಲ. ನಮ್ಮ ತಕರಾರು ಇರುವುದು, ಯಾವ ಕೆಲಸವನ್ನು ತಾವು ಅಂಗಳದಲ್ಲೇ ಇಟ್ಟುಕೊಂಡು ಯಾವುದನ್ನು ಗ್ಯಾರೇಜಿಗೆ ಕಳಿಸುತ್ತೀರಿ ಎಂಬುದರಲ್ಲಿ. ವೈಪರ್ ರಬ್ಬರ್ ಬದಲಿಸಲು, ಹೆಡ್‌ಲೈಟ್ ಬಲ್ಬು ಹಾಕಿಸಲು, ಏರ್ ಫಿಲ್ಟರ್ ಕೊಡವಲು ಪೇಟೆಯವರೆಗೆ ಹೋಗಿ, ಕಾಯ್ದು, ಕೂಲಿ ತೆತ್ತು ಬರುತ್ತೀರಿ. ಬ್ರೇಕ್ ಪ್ಯಾಡ್ ಮಾತ್ರ ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೊ ನೋಡಿ ಕಾಫಿ ಕಣದಲ್ಲೇ ಬಿಚ್ಚುತ್ತೀರಿ. ಧೈರ್ಯಕ್ಕೆ ಮೆಚ್ಚಲೇಬೇಕು. ಆದರೆ ಆ ಧೈರ್ಯದ ಪರೀಕ್ಷೆ ನಡೆಯುವುದು ಕಣದಲ್ಲಲ್ಲ, ಸೀತಾಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವ ತಿರುವುಗಳಲ್ಲಿ.

ಬಯಲುಸೀಮೆಯವನು ರಿಪೇರಿಯನ್ನು ಸುಲಭ, ಕಷ್ಟ ಎಂದು ವಿಂಗಡಿಸಿದರೆ ನಡೆದೀತು. ಮಲೆನಾಡಿಗೆ ಆ ಲೆಕ್ಕ ಸಾಲದು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಮಾಡಿದ ಕೆಲಸ ಕೆಟ್ಟರೆ ಗಾಡಿ ನಿಂತುಹೋಗುತ್ತದೆಯೋ, ನಿಲ್ಲದೇ ಹೋಗುತ್ತದೆಯೋ? ನಿಂತುಹೋಗುವಂಥದ್ದಾದರೆ ಕೈ ಹಾಕಿ. ಬ್ಯಾಟರಿ ಟರ್ಮಿನಲ್ ಮೇಲೆ ಕಟ್ಟಿದ ಬಿಳಿ-ಹಸಿರು ಪುಡಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರಲು ಡಿಪ್ಲೊಮಾ ಬೇಡ. ಫ್ಯೂಸು, ಸ್ಟೆಪ್ನಿ, ಟೈರಿನ ಗಾಳಿ, ಕೂಲೆಂಟ್ ಮಟ್ಟ ಎಲ್ಲವೂ ಈ ಗುಂಪಿನವೇ. ಇವುಗಳಿಗಿಂತ ಅಗ್ಗದ್ದೂ ಒಂದಿದೆ, ಅದನ್ನಂತೂ ಯಾರೂ ಮಾಡುವುದಿಲ್ಲ. ತೋಟದ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರದಡಿ ಕಾರು ನಿಲ್ಲಿಸಿದರೆ ಎಲೆಗಳು ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವಿನ ಸಂದಿಗೆ ಜಾರುತ್ತವೆ. ಅಲ್ಲೇ ಕೊಳೆತು ಕಪ್ಪು ಗೊಬ್ಬರವಾಗಿ ನೀರು ಹರಿಯುವ ತೂತನ್ನು ಮುಚ್ಚುತ್ತವೆ. ಆಷಾಢದ ಮಳೆನೀರು ಆಮೇಲೆ ದಾರಿ ಹುಡುಕಿಕೊಂಡು ಕಾರಿನೊಳಗೇ ಬಂದು, ಕಾಲಡಿಯ ಮ್ಯಾಟು ತೋಯಿಸಿ, ವೈರಿಂಗಿಗೂ ಇಳಿಯುತ್ತದೆ. ವಾರಕ್ಕೊಮ್ಮೆ ಎರಡು ಬೆರಳು ಆ ಸಂದಿಗೆ ಹಾಕಿದರೆ ಸಾಕು. ಆದರೆ ಅದಕ್ಕೆ ಸ್ಪ್ಯಾನರ್ ಬೇಡವಲ್ಲ, ಹಾಗಾಗಿ ಅದರಲ್ಲಿ ಗಂಡಸ್ತನ ಕಾಣುವುದಿಲ್ಲವೇನೋ.

ಇನ್ನು ನಿಲ್ಲದೇ ಹೋಗುವ ಬಾಬತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಅದು ಆ ದ್ರವದ ಜಾಯಮಾನ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ನಮ್ಮೂರಿನಲ್ಲಿ ಡಬ್ಬಿಯ ಮುಚ್ಚಳ ತೆರೆದು, ಉಳಿದರ್ಧವನ್ನು ಮುಂದಿನ ವರ್ಷಕ್ಕೆಂದು ಕೊಟ್ಟಿಗೆಯಲ್ಲಿಟ್ಟು ಉಳಿತಾಯ ಮಾಡುವವರಿದ್ದಾರೆ. ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಪೆಡಲಿನಿಂದ ಕಾಲೆತ್ತದೆ ಇಳಿಯುವಾಗ ಡಿಸ್ಕಿನ ಶಾಖ ಅದೇ ಆಯಿಲ್‌ಗೆ ತಲುಪಿ, ಒಳಗಿನ ನೀರು ಆವಿಯಾಗಿ, ಪೆಡಲು ಮೆತ್ತಗೆ ನೆಲಕ್ಕೆ ಕೂರುತ್ತದೆ. ಬ್ಲೀಡಿಂಗ್ ಮಾಡುವಾಗ, ಅಂದರೆ ಬ್ರೇಕ್ ಪೈಪಿನ ಗಾಳಿ ಹೊರಹಾಕುವಾಗ, ಒಂದು ಗುಳ್ಳೆ ಉಳಿಸಿದರೂ ಫಲ ಅದೇ. ಖಾಲಿಯಾಯಿತೆಂದು ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಕೈಕೊಡುತ್ತದೆ. ಎರಡೂ ಎಣ್ಣೆಯೇ ತಾನೇ ಎನ್ನುವ ತರ್ಕ ಒಗ್ಗರಣೆಗೆ ಸರಿ.

ತಮ್ಮ ಉಳಿತಾಯದ ಮುಕುಟಮಣಿ ನ್ಯೂಟ್ರಲ್. ಘಾಟಿ ಇಳಿಯುವಾಗ ಗೇರು ತೆಗೆದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬ್ಯುರೇಟರ್ ಕಾಲದ ವೇದವಾಕ್ಯ. ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ತಾನಾಗಿಯೇ ಕಡಿದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತಿರಲು ಇಂಧನ ಸುಡಲೇಬೇಕು. ಅಂದರೆ ಎಂಜಿನ್ ಪುಕ್ಕಟೆ ಕೊಡುವ ಬ್ರೇಕನ್ನು ಬಿಟ್ಟು, ಪ್ಯಾಡ್ ಸವೆಸಿ, ಮೇಲೆ ಪೆಟ್ರೋಲನ್ನೂ ಸುಡುತ್ತಿದ್ದೀರಿ. ಎಂಜಿನ್ನನ್ನೇ ಆಫ್ ಮಾಡುವ ಮಹಾನುಭಾವರೂ ಇದ್ದಾರೆ. ಆಗ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿದು ಪೆಡಲು ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಬಿಗಿಯುತ್ತದೆ.

ತಾವು ಹೇಳುವುದು ಗೊತ್ತು: ಹಿಂದೆ ಜೀಪಿನವರು ಎಲ್ಲವನ್ನೂ ದಾರಿಯಲ್ಲೇ ರಿಪೇರಿ ಮಾಡಿಕೊಳ್ಳುತ್ತಿರಲಿಲ್ಲವೇ? ಮಾಡುತ್ತಿದ್ದರು, ನಿಜ. ದಾರಿಬದಿಯಲ್ಲೇ ಬಿಚ್ಚಿ ಜೋಡಿಸಲು ಬರುವಂಥ ಗಾಡಿ ಅದು. ಬಿಚ್ಚುತ್ತಿದ್ದವನಿಗೂ ಅದೇ ದಿನನಿತ್ಯದ ಕಸುಬು. ವರ್ಷಕ್ಕೊಮ್ಮೆ ಭಾನುವಾರ ಉಮೇದು ಬಂದು ಕೂತವನಲ್ಲ. ತಮ್ಮ ಕಾರಿನಲ್ಲಿ ಎಬಿಎಸ್, ಏರ್‌ಬ್ಯಾಗ್, ಹತ್ತಾರು ಸೆನ್ಸರುಗಳಿವೆ. ಜೊತೆಗೆ ಕಾರಿನೊಡನೆ ಬರುವ ಜಾಕಿ ಚಕ್ರ ಬದಲಿಸಲಷ್ಟೇ ಇರುವುದು. ಮಳೆಗೆ ನೆನೆದ ನೆಲದಲ್ಲಿ ಅದನ್ನು ನಂಬಿ ಕೆಳಗೆ ತೂರುವವರು, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟಿದ್ದರೂ ಸರಿ, ದಯವಿಟ್ಟು ಎದ್ದು ಬನ್ನಿ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ: ಗ್ಯಾರೇಜಿನವರು ಬೇಡದ್ದನ್ನೆಲ್ಲ ಬಿಲ್ಲಿಗೆ ಸೇರಿಸುತ್ತಾರೆ. ಸೇರಿಸುವವರುಂಟು. ಎಂಜಿನ್ ಫ್ಲಶ್, ಥ್ರಾಟಲ್ ಕ್ಲೀನಿಂಗ್, ಎಸಿಗೆ ಸುಗಂಧ ಸ್ನಾನ ಎಲ್ಲವೂ ಬಿಲ್ಲಿನಲ್ಲಿ ಸಾಲಾಗಿ ನಿಲ್ಲುತ್ತವೆ. ಇದಕ್ಕೆ ಮದ್ದು ಬ್ರೇಕನ್ನು ತಾವೇ ಬಿಚ್ಚುವುದಲ್ಲ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಇಟ್ಟಿರುವ ಪುಸ್ತಕವನ್ನು ಓದುವುದು. ಯಾವ ಕಿಲೋಮೀಟರಿಗೆ ಏನು ಎಂದು ಅದರಲ್ಲಿದೆ. ಅದರಲ್ಲಿಲ್ಲದ್ದಕ್ಕೆ ಕಾರಣ ಕೇಳಿ, ಬಿಚ್ಚಿದ ಹಳೇ ಭಾಗ ವಾಪಸ್ ಕೇಳಿ. ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸಿದರೆ ನೆನಪಿಸಿ: 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು, ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂಬ ಷರತ್ತು ಸಲ್ಲದು ಎಂದಿತು. ಮೇಲ್ಮನವಿಯಲ್ಲಿ ಕೆಲವು ಕಂಪನಿಗಳ ದಂಡ ಕರಗಿದ್ದು ಬೇರೆ ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆಂದೇ ಪೋರ್ಟಲ್ ತೆರೆಯಿತು. ದುಬಾರಿ ಷೋರೂಮಿಗೂ ಕಾಫಿ ಕಣಕ್ಕೂ ನಡುವೆ ಪೇಟೆಯ ಕಸುಬುದಾರ ಮೆಕ್ಯಾನಿಕ್ ಒಬ್ಬನಿದ್ದಾನೆ; ತಮ್ಮ ಉಳಿತಾಯ ಇರುವುದು ಅವನ ಬಳಿ.

ಆದ್ದರಿಂದ ಮುಂಗಾರಿಗೆ ಮೊದಲು ಅವನಲ್ಲಿ ಬ್ರೇಕ್ ಆಯಿಲ್ ಬದಲಿಸಿ ತಾರೀಖು ಬರೆಸಿಕೊಳ್ಳಿ. ವೈಪರ್ ಮಾತ್ರ ತಾವೇ ಹಾಕಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಗೇರಿನಲ್ಲೇ ಇಳಿಯಿರಿ.

ಇಂತಿ ತಮ್ಮ ವಿಧೇಯ,
ಘಾಟಿಯಲ್ಲಿ ತಮಗಿಂತ ಒಂದು ತಿರುವು ಮುಂದಿರುವವ