ಅರ್ಧ ಹರಿ, ಅರ್ಧ ಹರ, ಉಳಿದದ್ದು ಪೇಮೆಂಟ್

ಹರಿಹರದ ಹರಿಹರೇಶ್ವರ ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯ ಈ ತತ್ವ ಪಕ್ಕದ ದಾವಣಗೆರೆಯ ಉನ್ನತ ಶಿಕ್ಷಣಕ್ಕೆ ತಲುಪಲು ಎಂಟು ಶತಮಾನ ಬೇಕಾಯಿತು.

ಆ ಊರಿನಲ್ಲಿ 1951ರಲ್ಲಿ ಶುರುವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಈಗ ಯುಬಿಡಿಟಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು. ಬಡವರ ಮಕ್ಕಳು ಕಡಿಮೆ ಫೀಸಿಗೆ ಎಂಜಿನಿಯರ್ ಆಗುತ್ತಿದ್ದ ಜಾಗ. ಅಲ್ಲಿನ ಶೇ 50ರಷ್ಟು ಸೀಟುಗಳನ್ನು ಪೇಮೆಂಟ್ ಸೀಟು ಮಾಡಿದರು. ಅದೇ ಬೋರ್ಡು, ಅದೇ ಬೆಂಚು, ಅದೇ ಪಾಠ. ಆದರೆ ಬೆಂಚಿನ ಈ ತುದಿಯವನು ವಿದ್ಯಾರ್ಥಿ, ಆ ತುದಿಯವನು ಗಿರಾಕಿ. 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಪಾಪ, ಹುಡುಗರಿಗೆ ಅದ್ವೈತ ಅರ್ಥವಾಗಲಿಲ್ಲ.

ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಯೋಜನೆಯ ಲೆಕ್ಕ: ಊರೊಂದಕ್ಕೆ ಕೇಂದ್ರದ್ದು 500 ಕೋಟಿ, ರಾಜ್ಯದ್ದು 500 ಕೋಟಿ. ಅಲ್ಲಿ ಮಾತ್ರ ಎರಡು ಅರ್ಧ ಸೇರಿ ಒಂದಾಗುತ್ತಿತ್ತು! ಕಾರಣ ಸರಳ. ರಸ್ತೆಗೆ ಗುದ್ದಲಿ ಪೂಜೆ ಉಂಟು, ಕೆರೆ ದಂಡೆಗೆ ಶಿಲಾಫಲಕ ಉಂಟು, ಫಲಕದ ಮೇಲೆ ಘನ ಉಪಸ್ಥಿತಿಯವರಿಂದ ಹಿಡಿದು ವಾರ್ಡ್ ಸದಸ್ಯರವರೆಗೆ ಎಲ್ಲರ ಹೆಸರೂ ಉಂಟು. ಮೇಷ್ಟ್ರನ್ನು ಉದ್ಘಾಟಿಸಲು ಬರುವುದಿಲ್ಲವಲ್ಲ! ಟೇಪು ಎಲ್ಲಿ ಕಟ್ಟುವುದು?

ಅದಕ್ಕೇ ಮೇಷ್ಟ್ರೂ ಅರ್ಧಂಬರ್ಧ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ ಬೇಸಿಗೆ ರಜೆಯ ಸಂಬಳವಿಲ್ಲ. ಅತಿಥಿಯಲ್ಲವೇ, ರಜೆಯಲ್ಲಿ ಅವರ ಮನೆಯಲ್ಲೇ ಉಣ್ಣಲಿ. ಪ್ರಾಥಮಿಕ ಶಾಲೆಯವರ ಗೌರವಧನ ತಿಂಗಳಿಗೆ 10 ಸಾವಿರ ಇತ್ತು. 2025-26ರ ಬಜೆಟ್ಟಿನಲ್ಲಿ 2 ಸಾವಿರ ಏರಿಸಿದರು. ಧನ ಎಷ್ಟೇ ಇರಲಿ, ಗೌರವಕ್ಕೇನೂ ಕೊರತೆಯಿಲ್ಲ. ಬಿಸಿಯೂಟದ ಲೆಕ್ಕವಂತೂ ಇನ್ನೂ ನಾಜೂಕು: ಮೊಟ್ಟೆಗೆ ಆರು ರೂಪಾಯಿ, ಅದರಲ್ಲೇ ಸಿಪ್ಪೆ ಸುಲಿಯುವ ಕೂಲಿ 30 ಪೈಸೆ. ಸ್ಮಾರ್ಟ್ ಸಿಟಿಯ ಬಿಲ್ಲುಗಳಿಗೂ ಇದೇ ಕಣ್ಣು ಬಿದ್ದಿದ್ದರೆ ಊರು ಉದ್ಧಾರವಾಗುತ್ತಿತ್ತು.

ಇದಕ್ಕೆ ಪಕ್ಷಭೇದವೂ ಇಲ್ಲ. ಹಿಂದಿನ ಸರ್ಕಾರದ ಕಾಲದಲ್ಲೂ, 2022ರ ಅಕ್ಟೋಬರಿನಲ್ಲಿ, ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಎತ್ತುವ ಸುತ್ತೋಲೆ ಬಂತು. ಜನ ಉಗಿದ ಮೇಲೆ ವಾಪಸ್ ಹೋಯಿತು. ಮರುತಿಂಗಳೇ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಚರ್ಚೆ. ಗೋಡೆಯ ಬಣ್ಣಕ್ಕೆ ರಾಜ್ಯವೇ ಎರಡಾಯಿತು. ಗೋಡೆಯೊಳಗೆ ಪಾಠ ಮಾಡುವವರು ಯಾರೆಂದು ಯಾವ ಬಣದವರೂ ಕೇಳಲಿಲ್ಲ. ದೆಹಲಿಯೇನು ಕಮ್ಮಿಯೇ? ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕಿರಲಿ ಎಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2022-23ರ ಆರ್ಥಿಕ ಸಮೀಕ್ಷೆ ಕೇಂದ್ರ, ರಾಜ್ಯಗಳ ವೆಚ್ಚ ಸೇರಿಸಿ ತೋರಿಸಿದ್ದು ಜಿಡಿಪಿಯ ಶೇ 2.9. ಅಲ್ಲೂ ಅರ್ಧವೇ!

ಹರಿಹರನ ಅರ್ಧ ದೇವರಿಗೆ ಶೋಭೆ, ಸರ್ಕಾರಕ್ಕಲ್ಲ. ಸರ್ಕಾರಿ ಕಾಲೇಜಿನ ಸೀಟು ಪೂರ್ತಿ ಸರ್ಕಾರಿಯಾಗಿರಲಿ, ಮೇಷ್ಟ್ರಿಗೆ ಹನ್ನೆರಡು ತಿಂಗಳ ಸಂಬಳ ಬರಲಿ. ಆಮೇಲೆ ಎಷ್ಟು ಗುದ್ದಲಿ ಪೂಜೆಗಾದರೂ ಕರೆಯಿರಿ ಸ್ವಾಮಿ, ಬಂದು ಚಪ್ಪಾಳೆ ತಟ್ಟುತ್ತೇವೆ.