ಯೆಜ್ಡಿ ನಿಂತಲ್ಲೇ ಸಭೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಯೆಜ್ಡಿ ಬೈಕುಗಳು ಮಾತ್ರ ಇನ್ನೂ ನಡುರಸ್ತೆಯಲ್ಲಿ ನಿಂತು ಜನ ಸೇರಿಸುತ್ತವೆ. ಒಬ್ಬರು ‘ಕಾರ್ಬುರೇಟರ್ ಬಿಚ್ಚಿ’ ಅಂತಾರೆ, ಇನ್ನೊಬ್ಬರು ‘ಮಾರಿಬಿಡಿ’ ಅಂತಾರೆ. ಪೆಟ್ರೋಲ್ ಇದೆಯಾ ಅಂತ ಕೇಳುವ ಪುಣ್ಯಾತ್ಮ ಬರುವುದು ಕೊನೆಗೆ.

ಪೆಟ್ರೋಲ್ ಇದ್ದರೆ ಮುಂದಿನ ಅನುಮಾನ ಸ್ಪಾರ್ಕ್ ಪ್ಲಗ್ಗಿನ ಮೇಲೆ. ಯೆಜ್ಡಿಯ ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಜೊತೆಗೇ ಆಯಿಲನ್ನೂ ಕುಡಿಯುತ್ತದೆ. ಆಯಿಲ್ ಹೆಚ್ಚಾಯಿತೋ, ಪ್ಲಗ್ಗಿನ ಮೂತಿಗೆಲ್ಲ ಮಸಿ. ಬಿಚ್ಚಿ, ಉಜ್ಜಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಪಾಯಿಂಟ್, ಕಾಯಿಲ್, ವೈರು ನೋಡಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿದಿರೋ, ನೀವು ಕುಣಿದದ್ದು ನೋಡಿ ಸಭೆ ‘ಕರೆಂಟ್ ಚೆನ್ನಾಗೇ ಬರ್ತಿದೆ’ ಎಂದು ತೀರ್ಪು ಕೊಡುತ್ತದೆ.

ಅಂದಹಾಗೆ, ಬೇರೆ ಕಿಕ್ಕರ್ ಹುಡುಕಬೇಡಿ. ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲೆ ತಿರುಗಿಸಿ, ಅದೇ ಕಿಕ್ಕರ್.