ವೀಸಾ ಮಾವ

ಹೆಗ್ಗದ್ದೆ ಸೀಮೆಯಲ್ಲಿ ರಾತ್ರಿ ಎಷ್ಟು ಇಂಚು, ಎಷ್ಟು ಸೆಂಟು ಮಳೆ ಬಿತ್ತು ಎಂದು ಹೇಳುವವರು ತೋಟಕ್ಕೊಬ್ಬರಿದ್ದಾರೆ. ಶಿರಾಡಿ ಘಾಟಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ದೋಣಿಗಾಲಿನ ಟೀ ಅಂಗಡಿಯಲ್ಲೇ ತಿಳಿಯುತ್ತದೆ. ಒಂಟಿ ಸಲಗ ಯಾರ ತೋಟದ ಹತ್ತಿರವಿದೆ ಎಂಬ ಸುದ್ದಿಯನ್ನು ಅರಣ್ಯ ಇಲಾಖೆಯೇ ಮೊಬೈಲಿಗೆ ಕಳಿಸುತ್ತದೆ. ಆದರೆ ‘ನಮ್ಮ ಹುಡುಗನ ಎಚ್-1ಬಿ ಇನ್ನೂ ಪೆಂಡಿಂಗ್ ಐತೆ, ತಂಗಿ ಮದುವೆಗೆ ಬಂದು ಹೋಗಬೌದಾ?’ ಎಂದು ಕೇಳಬೇಕಾದವರು ವೀಸಾ ಮಾವನ ಜಗಲಿಯನ್ನೇ ಹತ್ತಬೇಕು.

ಅವರಿಗೆ ಬೇರೆ ಹೆಸರಿಲ್ಲವೆಂದಲ್ಲ, ಊರು ಮರೆತಿದೆ ಅಷ್ಟೆ. ಇಂಥವರೊಬ್ಬರು ಹಾನುಬಾಳಿನ ಕಡೆಗೂ ಸಿಗುತ್ತಾರೆ, ಆಲೂರಿನ ಪಾಳ್ಯದ ಕಡೆಗೂ ಸಿಗುತ್ತಾರೆ. ಅರವತ್ತು ದಾಟಿದ ವಯಸ್ಸು, ಹತ್ತಿಪ್ಪತ್ತು ಎಕರೆ ರೊಬಸ್ಟಾ, ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸು, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಟೆಕ್ಸಾಸಿನಲ್ಲಿ ಎಂ.ಎಸ್. ಮುಗಿಸಿದ ಮಗ. ಸ್ವಂತದ್ದೊಂದು ಪಾಸ್‌ಪೋರ್ಟೂ ಉಂಟು. ಅದಕ್ಕೆ ಇವತ್ತಿನವರೆಗೆ ಒಂದು ಮೊಹರೂ ಬಿದ್ದಿಲ್ಲ. ವಿಮಾನವನ್ನು ಅವರು ನೋಡಿರುವುದು ಮಗನನ್ನು ಬಿಡಲು ದೇವನಹಳ್ಳಿಗೆ ಹೋದಾಗ, ಅದೂ ಗಾಜಿನಾಚೆಯಿಂದ.

‘ವೀಸಾ ಬೇರೆ, ಸ್ಟೇಟಸ್ ಬೇರೆ ಕಣಯ್ಯ.’ ಮಾವನ ಪಾಠ ಶುರುವಾಗುವುದೇ ಇಲ್ಲಿಂದ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಅಮೆರಿಕದ ಬಾಗಿಲವರೆಗೆ ಹೋಗಲು ಮಾತ್ರ. ಒಳಗೆ ಎಷ್ಟು ದಿನ, ಏನು ಮಾಡಿಕೊಂಡು ಇರಬಹುದು ಎಂಬುದನ್ನು ಹೇಳುವುದು ಐ-94 ಎಂಬ ದಾಖಲೆ. ವಿದ್ಯಾರ್ಥಿಯಾಗಿ ಎಫ್-1ರಲ್ಲಿ ಹೋದ ಹುಡುಗ ಅಲ್ಲೇ ಕೂತು ನೌಕರಿಯ ಎಚ್-1ಬಿಗೆ ಬದಲಾಗಬಹುದು. ಆದರೆ ಪಾಸ್‌ಪೋರ್ಟಿನಲ್ಲಿ ಮಾತ್ರ ಹಳೆಯ ವಿದ್ಯಾರ್ಥಿ ವೀಸಾವೇ ಉಳಿದಿರುತ್ತದೆ. ಒಮ್ಮೆ ಊರಿಗೆ ಬಂದನೋ, ಮತ್ತೆ ಒಳಗೆ ಹೋಗಲು ಕಾನ್ಸುಲೇಟಿನಲ್ಲಿ ಹೊಸ ಮುದ್ರೆ ಬೇಕು. ಇನ್ನು ಅರ್ಜಿ ತೀರ್ಮಾನವಾಗುವ ಮೊದಲೇ ದೇಶ ಬಿಟ್ಟರೆ, ಸ್ಟೇಟಸ್ ಬದಲಾವಣೆಯ ಕೋರಿಕೆಯನ್ನು ಅವನೇ ಕೈಬಿಟ್ಟಂತೆ ಲೆಕ್ಕ.

ಕೇಳುವವರು ಇಲ್ಲಿಗೆ ತಲೆ ಕೆರೆಯುತ್ತಾರೆ. ಆಗ ಮಾವ ಘಾಟಿಗೆ ಬರುತ್ತಾರೆ. ‘2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗೆ ಕಾಂಕ್ರೀಟು ಹಾಕ್ತೀವಿ ಅಂತ ತಿಂಗಳುಗಟ್ಲೆ ರೋಡು ಮುಚ್ಚಿದ್ರಲ್ಲ? 2018ರಲ್ಲಿ ಅದರ ಕೆಳಗಿಂದು ಮುಚ್ಚಿದ್ರು. ಮನೇಲಿ ಕೂತೋನಿಗೆ ಏನಾಯ್ತು? ಏನೂ ಇಲ್ಲ. ಮಂಗಳೂರಿಗೆ ಇಳಿದೋನು ಚಾರ್ಮಾಡಿ ಸುತ್ಕೊಂಡು ಬಂದ. ಅಷ್ಟೇಯ ಇದು.’ ವಕೀಲರು ಗಂಟೆಗಿಷ್ಟು ಡಾಲರ್ ಎಂದು ಎಣಿಸಿಕೊಂಡು ಹೇಳುವುದನ್ನು ಮಾವ ಒಂದು ಲೋಟ ಕಾಫಿಯೊಳಗೆ ಮುಗಿಸುತ್ತಾರೆ. ಕಾಫಿಯೂ ಅವರದೇ.

ಅವರ ಹಜಾರದ ಗೋಡೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ತೂಗುತ್ತದೆ. ಪಕ್ಕದಲ್ಲೇ ಕಾಫಿ ಕ್ಯೂರಿಂಗ್‌ನವರು ಕೊಟ್ಟ ಕ್ಯಾಲೆಂಡರ್, ಅದರ ತುಂಬ ಕೆಂಪು ಪೆನ್ನಿನ ಗುರುತು. ಇವೆರಡನ್ನೂ ಹೊಂದಿಸುವುದರಲ್ಲೇ ಮಾವನ ಕೂದಲು ಬೆಳ್ಳಗಾಗಿದ್ದು. ಅಮೆರಿಕದ ಲೆಕ್ಕದಲ್ಲಿ ಮಾರ್ಚ್‌ನಲ್ಲಿ ಲಾಟರಿ ನೋಂದಣಿ: ಸೀಟು 65,000, ಅಲ್ಲೇ ಎಂ.ಎಸ್. ಮಾಡಿದವರಿಗೆ ಮೇಲೆ 20,000. ಗೆದ್ದವರ ಅರ್ಜಿ ಏಪ್ರಿಲ್ 1ರಿಂದ ಜೂನ್ ಕೊನೆಯೊಳಗೆ ಹೋಗಬೇಕು. ಎಚ್-1ಬಿ ಜಾರಿಯಾಗುವುದು ಅಕ್ಟೋಬರ್ 1ಕ್ಕೆ. ಮಲೆನಾಡಿನ ಲೆಕ್ಕವೇ ಬೇರೆ. ಜನವರಿ ಫೆಬ್ರವರಿಯಲ್ಲಿ ರೊಬಸ್ಟಾ ಹಣ್ಣು ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಹೂಮಳೆಗೆ ಬಾಯಿ ಬಿಟ್ಟು ಕೂರಬೇಕು. ಮದುವೆಗಿರುವುದು ಏಪ್ರಿಲ್, ಮೇ. ಜೂನ್‌ನಲ್ಲಿ ಮಳೆ ಹಿಡಿದರೆ ನೆಂಟರು ಘಾಟಿ ಹತ್ತುವುದು ಅನುಮಾನ. ಆಮೇಲೆ ಆಷಾಢ, ಆಮೇಲೆ ಪಿತೃಪಕ್ಷ. ಹುಡುಗ ಅಲುಗಾಡಬಾರದ ತಿಂಗಳು ಮತ್ತು ಛತ್ರ ಸಿಗುವ ತಿಂಗಳು ಎರಡೂ ಒಂದೇ ಆಗುವಂತೆ ವಾಷಿಂಗ್ಟನ್ನಿನಲ್ಲಿ ಕೂತು ಯಾರೋ ಹೊಂಚು ಹಾಕಿದ್ದಾರೆ ಎಂಬುದು ಮಾವನ ಹೆಂಡತಿಯ ಗುಮಾನಿ. ಅದನ್ನು ತಳ್ಳಿಹಾಕುವುದು ಕಷ್ಟ.

2025ರ ಮೇ ತಿಂಗಳಲ್ಲಿ ಮಾವನ ಮಗಳ ಮದುವೆ ಸಕಲೇಶಪುರದಲ್ಲಿ ನಡೆದಾಗ ಅಣ್ಣ ಬಂದದ್ದು ಯೂಟ್ಯೂಬಿನಲ್ಲಿ. ಧಾರೆಯ ಹೊತ್ತಿಗೆ ಕರೆಂಟು ಹೋಗಿ ಅಲ್ಲಿಂದಲೂ ಮಾಯವಾದ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾವನ ಖ್ಯಾತಿ ಶಿಖರ ಮುಟ್ಟಿತು. 19ರ ಶುಕ್ರವಾರ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆಗೆ ಸಹಿ ಹಾಕಿದರು. ಅಂದಿನ ದರದಲ್ಲಿ ಹತ್ತಿರ ಹತ್ತಿರ 88 ಲಕ್ಷ ರೂಪಾಯಿ. ಜಾರಿ ಭಾನುವಾರ ಅಲ್ಲಿನ ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ, ಅಂದರೆ ನಮ್ಮ ಬೆಳಿಗ್ಗೆ 9.31ಕ್ಕೆ. ಆವತ್ತು ಮಹಾಲಯ ಅಮಾವಾಸ್ಯೆ ಬೇರೆ. ರಜೆಗೆ ಬಂದಿದ್ದ ಮಕ್ಕಳಿಗೆ ಕಂಪನಿಗಳಿಂದ ‘ಕೂಡಲೇ ಹೊರಡಿ’ ಎಂಬ ಇಮೇಲ್ ಬಂದಿತ್ತು. ಶನಿವಾರ ಬೆಳಗಿನಿಂದ ಮಾವನ ಫೋನು ಬಿಸಿಯಾಯಿತು. ಒಬ್ಬ ತಂದೆ ಟಿಕೆಟ್ ಎಷ್ಟಾದರೂ ಆಗಲಿ ಎಂದು ಮಗಳನ್ನು ಕಾರಿಗೆ ಹತ್ತಿಸಿಯೇ ಬಿಟ್ಟಿದ್ದರು. ‘ಆದೇಶ ಪೂರ್ತಿ ಓದದೆ ಯಾರೂ ಚನ್ನರಾಯಪಟ್ಟಣ ದಾಟಬ್ಯಾಡ್ರಿ’ ಎಂದರು ಮಾವ. ಭಾನುವಾರ ಬೆಳಗಾಗುವಷ್ಟರಲ್ಲಿ ಶ್ವೇತಭವನದ ಸ್ಪಷ್ಟನೆ ಬಂತು: ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ವೀಸಾ ಇರುವವರಿಗಲ್ಲ. ಕಾರು ಹಿಂದಕ್ಕೆ ತಿರುಗಿತು, ಎಡೆಯ ಹೊತ್ತಿಗೆ ಮಗಳು ಮನೆಯಲ್ಲಿದ್ದಳು.

ಅದೇ ಶುಲ್ಕದ ಬಗ್ಗೆ ಬಂದ ಅಕ್ಟೋಬರ್ 20ರ ವಿವರಣೆಯನ್ನಂತೂ ಮಾವ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರೆ. ಅಮೆರಿಕದ ಒಳಗಿದ್ದೇ ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಆ ಲಕ್ಷ ಡಾಲರ್ ಇಲ್ಲ, ಆದರೆ ತೀರ್ಮಾನಕ್ಕೆ ಮುಂಚೆ ದೇಶ ಬಿಟ್ಟರೆ ಕಂಪನಿ ಕಟ್ಟಬೇಕು ಎಂದಿತ್ತು ಅದರಲ್ಲಿ. ತಂಗಿ ಮದುವೆಗೆ ಬರುವ ಖರ್ಚು ಇಷ್ಟಾಗಬಹುದೆಂದು ಅವರೂ ಎಣಿಸಿರಲಿಲ್ಲ.

ಆ ಹೊತ್ತಿಗೆ ಮಗನ ಎಚ್-1ಬಿ ಜಾರಿಯಾಗಿತ್ತು, ಇನ್ನು ಅವನ ಮದುವೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಬರುವ ಮೊದಲೇ ಮಾವ ಹುಡುಗಿಯ ಪಾಸ್‌ಪೋರ್ಟ್ ಕೇಳಿದರು. ಹೆಸರಿನ ಮುಂದೆ ಎಚ್.ಎಸ್. ಎಂಬ ಇನಿಷಿಯಲ್ ಬರೆದುಕೊಂಡು ಬೆಳೆದ ಹುಡುಗಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ‘ಹಿಂಗೇ ಹೋದ್ರೆ ಇವಳ ಹೆಸರು ಅಲ್ಲಿ ಎಫ್‌ಎನ್‌ಯು ಆಗ್ತದೆ’ ಎಂದು ಮಾವ ಗಾಬರಿಯಾದರು. ಅವರು ಹೇಳಿದ್ದು ನಿಜ. ಸರ್‌ನೇಮ್ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ ಎಂದು ಬೀಳುತ್ತದೆ. ಹುಡುಗಿಯ ಅಜ್ಜಿಗೆ ಸಿಟ್ಟು ಬಂತು: ‘ಹೆಸರು ಗೊತ್ತಿಲ್ದೆ ಹೆಣ್ಣು ಕೇಳಕ್ಕೆ ಬಂದ್ರಾ?’

ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು. ಅವಳೇ ನೇರವಾಗಿ ಕೇಳಿದಳು: ‘ಎಚ್-4ರಲ್ಲಿ ನಾನು ಕೆಲಸ ಮಾಡಬಹುದಾ ಮಾವ?’ ಮೊದಲ ಬಾರಿಗೆ ಮಾವ ಕಾಫಿ ಲೋಟದೊಳಗೆ ನೋಡಿದರು. 2015ರ ಮೇ 26ರಿಂದ ಎಚ್-1ಬಿಯವರ ಜೊತೆ ಎಚ್-4ರಲ್ಲಿ ಹೋದ ಹೆಂಡತಿಯರಿಗೆ ಕೆಲಸದ ಪರವಾನಗಿ ಸಿಗುತ್ತಿದೆಯಾದರೂ, ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿರಬೇಕು. ಗ್ರೀನ್ ಕಾರ್ಡಿಗೋ, ದೇಶಕ್ಕೆ ಶೇ. 7ರ ಮಿತಿಯಿರುವುದರಿಂದ ಭಾರತೀಯರ ಇಬಿ-2 ವರ್ಗದ ಸರದಿ 2025ರ ಕೊನೆಯಲ್ಲಿ ಇನ್ನೂ 2013ರಲ್ಲಿ ನಿಂತಿತ್ತು. ‘ಆಗ್ತದಮ್ಮ, ನಿಧಾನಕ್ಕೆ’ ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಿಧಾನ ಎಂದರೆ ಎಷ್ಟು ಎಂದು ಬಿಡಿಸಲಿಲ್ಲ ಅಷ್ಟೆ. ಹುಡುಗಿ ಹುಡುಗನ ಜೊತೆ ಫೋನಿನಲ್ಲಿ ಬೇರೆಯೇ ಮಾತಾಡಿಕೊಂಡು ಒಪ್ಪಿದಳು.

ಧನುರ್ಮಾಸಕ್ಕೆ ಮುಂಚೆ, ಡಿಸೆಂಬರ್ ಮೊದಲ ವಾರದಲ್ಲಿ ಮದುವೆ ಎಂದಾಯಿತು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿದ್ದರೂ ವೀಸಾ ಕೆಲಸ ಶುರುವಾಗಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರಿಗೂ ಡಿಸೆಂಬರ್ 22ಕ್ಕೆ ಚೆನ್ನೈನಲ್ಲಿ ಸಂದರ್ಶನ. ಸೆಪ್ಟೆಂಬರಿನಿಂದ ಸಂದರ್ಶನವಿಲ್ಲದ ಡ್ರಾಪ್‌ಬಾಕ್ಸ್ ಸೌಲಭ್ಯವೂ ಬಹುಪಾಲು ನಿಂತಿತ್ತು. ಫೋಟೋಗ್ರಾಫರಿಗೆ ಮಾವನ ಕಟ್ಟಪ್ಪಣೆ: ‘ಡ್ರೋನು ಗೀನು ಆಮೇಲೆ. ಮಾಂಗಲ್ಯ ಕಟ್ಟೋವಾಗ ಇಬ್ಬರ ಮುಖವೂ ಪಾಸ್‌ಪೋರ್ಟಿನಲ್ಲಿದ್ದಂಗೇ ಕಾಣಬೇಕು.’ ಗಟ್ಟಿಮೇಳದ ಸದ್ದು ಅಡಗುವ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಅರ್ಜಿಗೆ ಸಾಕ್ಷಿಗಳನ್ನು ಹುಡುಕುತ್ತಿದ್ದರು.

ಎಲ್ಲವೂ ಸರಿಯಿತ್ತು. ಅಷ್ಟರಲ್ಲಿ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸೋಷಿಯಲ್ ಮೀಡಿಯಾ ಪರಿಶೀಲನೆ ಎಂಬ ನಿಯಮ ಬಂತು. ಭಾರತದ ಕಾನ್ಸುಲೇಟುಗಳಲ್ಲಿ ಡಿಸೆಂಬರಿನ ಎಷ್ಟೋ ಸಂದರ್ಶನಗಳು ಮುಂದಿನ ವರ್ಷಕ್ಕೆ ಜಾರಿದವು, ಇವರದ್ದೂ ಜಾರಿತು. ಅರ್ಜಿದಾರರ ಖಾತೆಗಳು ಎಲ್ಲರಿಗೂ ಕಾಣುವಂತಿರಬೇಕು ಎಂಬುದೂ ಅದೇ ನಿಯಮ. ಸೊಸೆ ಇನ್‌ಸ್ಟಾಗ್ರಾಂ ತೆರೆದಿಟ್ಟಳು. ಚೆನ್ನೈನ ಅಧಿಕಾರಿ ನೋಡಿದರೋ ಇಲ್ಲವೋ, ಅತ್ತೆಯ ಕಡೆಯವರು ಗೋವಾ ಪ್ರವಾಸದ ಫೋಟೋಗಳನ್ನು ಎರಡೇ ದಿನದಲ್ಲಿ ಪೂರ್ತಿ ಪರಿಶೀಲಿಸಿದರು.

ಮಗ ಊರಿನಲ್ಲೇ ಉಳಿದ. ರಾತ್ರಿ ಟೆಕ್ಸಾಸಿನ ಮೀಟಿಂಗು, ಹಗಲು ಕಣದಲ್ಲಿ ಹಣ್ಣು ತೂಕ. ಎಂ.ಎಸ್. ಮಾಡಿದ ರೈಟರು ಈ ಸೀಮೆಯಲ್ಲಿ ಬೇರೆ ಯಾರ ತೋಟಕ್ಕೂ ಸಿಕ್ಕಿಲ್ಲವೆಂದು ಆಳುಗಳು ನಗುತ್ತಿದ್ದರು. ಮಾವನ ಮುಖ ಒಂದು ವಾರ ಸಣ್ಣದಾಗಿತ್ತು. ಎಂಟನೆಯ ದಿನ ಮಾರನಹಳ್ಳಿ ಕಡೆಯವರೊಬ್ಬರು ಜಗಲಿ ಹತ್ತಿದರು. ಮಗಳಿಗೆ ಕೆನಡಾದ ಸಂಬಂಧ ಬಂದಿದೆ, ಪಿ.ಆರ್. ಪಾಯಿಂಟ್ಸು ಅಂತಾರಲ್ಲ, ಅದೇನು ಗೌಡ್ರೇ ಎಂದು ಕೇಳಿದರು.

ಮಾವ ಕನ್ನಡಕ ಹಾಕಿಕೊಂಡರು.

‘ಕೆನಡಾದ್ದು ನಾನಿನ್ನೂ ನೋಡಿಲ್ಲ. ನಾಳೆ ಬಾ, ಓದ್ಕೊಂಡಿರ್ತೀನಿ. ಬರ್ತಾ ಹುಡುಗಿ ಪಾಸ್‌ಪೋರ್ಟ್ ತಗೊಂಡು ಬಾ.’